ಗುಣವೂ ಗಣಿತವೂ

ಕಳೆದ ತಿಂಗಳು ನಮ್ಮ ಕೊಡಿಗೇಹಳ್ಳಿಗೆ ಹೊಂದಿಕೊಂಡಿರುವ ಸಹಕಾರನಗರದಲ್ಲಿ ಒಂದು ಕವನಸಂಗ್ರಹದ ಬಿಡುಗಡೆಯಾಯಿತು. ಅಧ್ಯಕ್ಷತೆ ವಹಿಸಿದ್ದವರು ಹಿರಿಯ ಸಾಹಿತಿಗಳು. ನಾನು ಗೌರವಿಸುವವರು, ಆದಕಾರಣ ಅವರ ಹೆಸರನ್ನು ಇಲ್ಲಿ ಎತ್ತುವುದಿಲ್ಲ. ಮಾತಿನ ಭರದಲ್ಲಿ ಅವರು, ಕವಿಯಾದವನು ಮನುಷ್ಯನನ್ನು ಕಾಣುತ್ತಾನೆ, ಅಂಕಿಅಂಶದವನು ಮನುಷ್ಯನನ್ನು ಅಳಿಸಿ ಅಲ್ಲೊಂದು ಸೊನ್ನೆ ಬರೆಯುತ್ತಾನೆ ಎಂದರು. ನಿದರ್ಶನಕ್ಕೆ ಕ್ಯಾನ್ಸರ್ ರೋಗಿಯನ್ನೇ ತೆಗೆದುಕೊಂಡರು. ಸಾವಿನ ಹೊಸ್ತಿಲಲ್ಲಿ ನಿಂತವನ ಮುಖ ನೋಡದೆ ‘ನಿನಗೆ ಶೇಕಡಾ ಅರವತ್ತು’ ಎನ್ನುವ ವಿದ್ಯೆಯೂ ಒಂದು ವಿದ್ಯೆಯೆ ಎಂದು ಕೇಳಿದರು. ‘ನನಗೂ ಲೆಕ್ಕಕ್ಕೂ ಮೊದಲಿನಿಂದ ಎಣ್ಣೆ ಸೀಗೆಕಾಯಿ ಸಂಬಂಧ’ ಎಂದು ಸೇರಿಸಿ ನಕ್ಕರು. ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ. ಪಕ್ಕದಲ್ಲಿದ್ದ ಸ್ನೇಹಿತರು ‘ಏಕೆ ಸ್ವಾಮಿ, ಮೈಗೆ ಸೌಖ್ಯವಿಲ್ಲವೆ?’ ಎಂದರು. ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಲೆಕ್ಕ ಬಾರದೆಂಬುದನ್ನು ರಸಿಕತೆಯ ಲಕ್ಷಣವೆಂದು ಮೆರೆಸುವ ಚಾಳಿ ನಮ್ಮ ಕನ್ನಡ ವಿಭಾಗಗಳಲ್ಲಿ ಬಹಳ ಹಳೆಯದು. ನಾನೂ ಆ ಮಡಕೆಯ ಅನ್ನವನ್ನೇ ಉಂಡವನು. ಎಂ.ಎ. ಪಾಸಾದ ಮೇಲೆ ಹಾಲಿನ ಲೆಕ್ಕಕ್ಕಿಂತ ಹೆಚ್ಚಿನ ಲೆಕ್ಕವನ್ನು ಕೈಯಲ್ಲಿ ಮುಟ್ಟಿರಲಿಲ್ಲ; ಮುಟ್ಟಿಲ್ಲವೆಂದು ಹೇಳಿಕೊಳ್ಳಲು ನಾಚಿಕೆಯೂ ಇರಲಿಲ್ಲ. ಆ ನಾಚಿಕೆ ಬಂದದ್ದು ಒಬ್ಬ ವಿದ್ಯಾರ್ಥಿನಿಯಿಂದ, ಇನ್ನೂ ಸರಿಯಾಗಿ ಹೇಳುವುದಾದರೆ ಅವಳ ತಂದೆಯಿಂದ.

ಹುಡುಗಿ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಳು. ತಂದೆಗೆ ಕೊಡಿಗೇಹಳ್ಳಿ ಗೇಟಿನ ಬಳಿ ಪಂಕ್ಚರ್ ಅಂಗಡಿ. ಅವಳ ಕುತ್ತಿಗೆಯಲ್ಲಿ ಗಂಟುಗಳೆದ್ದವು. ಹಿಂದಿನವರು ಗಂಡಮಾಲೆ ಎನ್ನುತ್ತಿದ್ದರಲ್ಲ, ಅದೇ ಇರಬೇಕೆಂದು ಯಾರೋ ಕ್ಷಯದ ಮಾತ್ರೆ ಕೊಟ್ಟರು. ಕೆಲವು ತಿಂಗಳು ಹಾಗೆ ಹೋಯಿತು. ಗಂಟು ಕರಗಲಿಲ್ಲ, ರಾತ್ರಿ ಹೊದಿಕೆ ನೆನೆಯುವಷ್ಟು ಬೆವರು. ಕೊನೆಗೆ ಗಂಟಿನ ಒಂದು ಚೂರು ತೆಗೆದು ಪರೀಕ್ಷಿಸಿದಾಗ ಹಾಡ್ಜ್‌ಕಿನ್ ಲಿಂಫೋಮ ಎಂದು ತಿಳಿಯಿತು. ದುಗ್ಧಗ್ರಂಥಿಗಳ ಕ್ಯಾನ್ಸರು ಅದು. ಲಂಡನ್ನಿನ ವೈದ್ಯ ಥಾಮಸ್ ಹಾಡ್ಜ್‌ಕಿನ್ 1832ರಲ್ಲಿ ಅದನ್ನು ವರ್ಣಿಸಿದ್ದರಿಂದ ಆ ಹೆಸರು.

ತಂದೆ ವೈದ್ಯರನ್ನು ಕೇಳಿದ್ದು ಒಂದೇ ಮಾತು: ‘ಗುಣ ಆಗ್ತದಾ ಸ್ವಾಮಿ?’ ವೈದ್ಯರು ಸುಳ್ಳು ಹೇಳಲಿಲ್ಲ. ಐದು ವರ್ಷದ ಬದುಕು ಶೇಕಡಾ ಎಂಬತ್ತಕ್ಕೆ ಮೇಲೆ ಎಂದರು. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು.

ವಾರದ ಮೇಲೆ ಆತ ಕಾಲೇಜಿಗೆ ಬಂದು ಮಗಳ ವರ್ಗಾವಣೆ ಪತ್ರ ಕೇಳಿದರು. ಏಕೆಂದೆ. ‘ಐದು ವರ್ಷ ಅಂದವರೆ ಮೇಷ್ಟ್ರೇ. ಅದೂ ಎಂಬತ್ತು ಪರ್ಸೆಂಟು. ಐದು ವರ್ಷಕ್ಕೆ ಡಿಗ್ರಿ ತಗೊಂಡು ಏನ್ ಮಾಡ್ಯಾಳು? ಮನೇಲಿ ಅವರವ್ವನ ಜೊತೆ ಇರಲಿ’ ಎಂದರು. ಮಗಳ ಆಯುಸ್ಸು ಐದು ವರ್ಷವೆಂದು, ಅದರಲ್ಲೂ ಐದಕ್ಕೆ ನಾಲ್ಕು ಪಾಲು ಮಾತ್ರ ಖಂಡಿತವೆಂದು ಅವರು ಅರ್ಥ ಮಾಡಿಕೊಂಡಿದ್ದರು. ಅವಳ ಮದುವೆಗೆಂದು ಕೂಡಿಟ್ಟ ಹಣವನ್ನೆತ್ತಿ ತಮ್ಮನ ಹೆಸರಿಗೆ ಹಾಕಿಯೂ ಆಗಿತ್ತು. ಮನೆಯಲ್ಲಿ ಯಾರೂ ದೊಡ್ಡ ದನಿಯಲ್ಲಿ ಮಾತಾಡುತ್ತಿರಲಿಲ್ಲವಂತೆ.

ನಾನು ಏನು ಹೇಳಿದೆ? ನಾಚಿಕೆಯ ಮಾತು ಇಲ್ಲಿಯೇ ಇದೆ. ಏನೂ ಹೇಳಲಿಲ್ಲ. ಹಾಗಲ್ಲವೆಂದು ನನಗೆ ಮಸುಕಾಗಿ ಅನಿಸಿತು. ಹೇಗೆಂದು ಬಿಡಿಸಿ ಹೇಳಲು ಬಾಯಲ್ಲಿ ಮಾತಿರಲಿಲ್ಲ. ಛಂದಸ್ಸಿನ ಮಾತ್ರೆಗಳನ್ನು ಎಣಿಸಬಲ್ಲವನಿಗೆ ಒಂದು ಶೇಕಡಾವಾರಿನ ಅರ್ಥ ಹೇಳಲಾಗಲಿಲ್ಲ. ವರ್ಗಾವಣೆ ಪತ್ರ ಹೋಯಿತು. ಹುಡುಗಿ ಒಂದೂವರೆ ವರ್ಷ ಮನೆಯಲ್ಲಿ ಕುಳಿತಳು.

ಈಗ ಅಧ್ಯಕ್ಷರನ್ನು ಕೇಳುತ್ತೇನೆ: ಆ ಹುಡುಗಿಯ ಓದನ್ನು ಕಿತ್ತುಕೊಂಡದ್ದು ಸಂಖ್ಯೆಯೋ, ಸಂಖ್ಯೆಯನ್ನು ಓದಲಾರದ ನಾವೋ?

‘ಐದು ವರ್ಷದ ಬದುಕು ಶೇಕಡಾ ಎಂಬತ್ತು’ ಎಂದರೆ, ಇಂಥ ರೋಗಕ್ಕೆ ಇಂಥ ಚಿಕಿತ್ಸೆ ಪಡೆದ ನೂರು ಮಂದಿಯಲ್ಲಿ ಎಂಬತ್ತು ಮಂದಿ ಐದನೆಯ ವರ್ಷ ತುಂಬಿದ ದಿನ ಜೀವಂತರಿದ್ದರು ಎಂದಷ್ಟೇ. ಆರನೆಯ ವರ್ಷ ಅವರೇನಾದರು ಎಂಬುದನ್ನು ಆ ಮಾತು ಹೇಳುವುದಿಲ್ಲ. ಐದೆಂಬುದರಲ್ಲಿ ಮಂತ್ರವೇನೂ ಇಲ್ಲ; ಆಸ್ಪತ್ರೆಗಳು ಲೆಕ್ಕ ಇಡುವುದಕ್ಕೆ ಒದಗಿದ ಒಂದು ಅನುಕೂಲ. ಗೇಟಿನಿಂದ ಬಳ್ಳಾರಿ ರಸ್ತೆಯಲ್ಲಿ ಐದನೆಯ ಮೈಲಿಗಲ್ಲಿನ ಬಳಿ ನಿಂತು ಎಷ್ಟು ಜನ ಬಂದರೆಂದು ಎಣಿಸಿದ ಹಾಗೆ. ರಸ್ತೆ ಅಲ್ಲಿಗೇ ಮುಗಿಯಿತೆಂದು ಯಾರಾದರೂ ತಿಳಿಯುತ್ತಾರೆಯೆ? ಆದರೆ ನಮ್ಮ ಪಂಕ್ಚರ್ ಅಂಗಡಿಯವರು ತಿಳಿದರು. ಅವರೊಬ್ಬರೇ ಅಲ್ಲ. ಅನಂತರ ನಾನು ವಿಚಾರಿಸಿದ ವಿದ್ಯಾವಂತರಲ್ಲಿಯೂ ಹಲವರು ಹಾಗೆಯೇ ತಿಳಿದಿದ್ದರು.

ಇಲ್ಲಿ ಕನ್ನಡದ ಮಾತೊಂದಿದೆ; ಅದು ನನ್ನ ಕಸುಬಾದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ರೋಗ ಹೋಯಿತೆನ್ನಲು ನಮ್ಮಲ್ಲಿ ‘ಗುಣವಾಯಿತು’ ಎಂಬ ಮಾತಿದೆ, ‘ವಾಸಿಯಾಯಿತು’ ಎಂಬ ಮಾತಿದೆ. ಗುಣವೆಂದರೆ ಶೀಲವೂ ಹೌದು, ಗುಣಿಸುವುದೂ ಅದೇ ಧಾತುವಿನ ಬಂಧು. ವಾಸಿಯೆಂದರೆ ‘ಇದಕ್ಕಿಂತ ಅದು ವಾಸಿ’ ಎನ್ನುವಲ್ಲಿನ ಮೇಲುತನ. ಅಂದರೆ ಅಲ್ಲಿ ಹೋಲಿಕೆಯೊಂದು ಅಡಗಿದೆ. ಮೂರನೆಯದು ‘ಗುಣಮುಖ’. ಗುಣದ ಕಡೆಗೆ ಮುಖ ಮಾಡಿದವನು ಎಂದು ಅರ್ಥ, ತಲುಪಿದವನು ಎಂದಲ್ಲ. ಎಂಥ ಎಚ್ಚರದ ಪದ! ಅದನ್ನು ಪತ್ರಿಕೆಗಳು ತಿಕ್ಕಿ ತಿಕ್ಕಿ ಇಂದು ‘ಪೂರ್ತಿ ವಾಸಿಯಾದ’ ಎಂಬುದಕ್ಕೆ ಪರ್ಯಾಯ ಮಾಡಿಬಿಟ್ಟಿವೆ. ಎರಡು ಸಲ ಔಷಧಿ ಹರಿಸಿದೊಡನೆ ಕುತ್ತಿಗೆಯ ಗಂಟು ಮಾಯವಾಗುತ್ತದೆ, ಮನೆಯವರು ‘ಗುಣಮುಖ’ನಾದನೆಂದು ಹೊಲದ ಕೆಲಸಕ್ಕೆ ಕರೆದೊಯ್ಯುತ್ತಾರೆ, ಉಳಿದ ಸುತ್ತು ಚಿಕಿತ್ಸೆ ನಿಂತುಹೋಗುತ್ತದೆ. ಒಂದು ಪದ ಸವೆದುಹೋದರೆ ಏನಾದೀತು ಎನ್ನುವವರು ಇದನ್ನು ಯೋಚಿಸಲಿ.

ಗುಣಮುಖನಿಗೂ ಗುಣವಾದವನಿಗೂ ಇರುವ ಈ ಅಂತರವನ್ನು ಅಳೆಯಲಿಕ್ಕೇ ಸಂಖ್ಯಾಶಾಸ್ತ್ರದಲ್ಲಿ ಒಂದು ಮಾರ್ಗ ಹುಟ್ಟಿತು ಎಂದರೆ ಅಧ್ಯಕ್ಷರು ನಂಬಲಾರರು. 1949ರಲ್ಲಿ ಬ್ರಿಟನ್ನಿನ ಬೋಗ್ ಎಂಬಾತ, ಐದು ವರ್ಷದ ಎಣಿಕೆ ಸಾಲದು, ಅದರಲ್ಲಿ ನಿಜವಾಗಿ ಗುಣವಾದವರೂ ನಾಳೆ ರೋಗ ಮರುಕಳಿಸಲಿರುವವರೂ ಒಟ್ಟಿಗೆ ಸೇರಿಹೋಗಿದ್ದಾರೆ, ಗುಣವಾದವರ ಪಾಲನ್ನೇ ಬೇರೆಯಾಗಿ ಅಂದಾಜು ಮಾಡಬೇಕು ಎಂದು ದಾರಿ ತೋರಿಸಿದ. 1952ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಬರ್ಕ್‌ಸನ್ ಮತ್ತು ಗೇಜ್ ಅದನ್ನು ಸರಳವಾದ ಸೂತ್ರಕ್ಕೆ ತಂದರು.

ಅದರ ತಿರುಳು ಇಷ್ಟು. ಯಲಹಂಕದಿಂದ ಮೆಜೆಸ್ಟಿಕ್ಕಿಗೆ ಹೋಗುವ ಬಸ್ಸಿಗೆ ನಮ್ಮ ಗೇಟಿನಲ್ಲಿ ನೂರು ಜನ ಹತ್ತಿದರೆನ್ನಿ. (ನೂರು ಜನ ಹತ್ತುವುದು ಬೆಳಗಿನ ಹೊತ್ತು ಇಲ್ಲಿ ಅತಿಶಯೋಕ್ತಿಯಲ್ಲ.) ಅವರಲ್ಲಿ ಕೆಲವರ ಟಿಕೆಟ್ಟು ಹೆಬ್ಬಾಳದ ಆಚೀಚೆಗೆ, ಕೆಲವರದು ಕೊನೆಯ ನಿಲ್ದಾಣಕ್ಕೆ. ಯಾರ ಜೇಬಿನಲ್ಲಿ ಯಾವ ಟಿಕೆಟ್ಟಿದೆಯೋ ನಮಗೆ ಕಾಣದು. ಹೆಬ್ಬಾಳದ ಸುತ್ತಮುತ್ತ ಜನ ದಡದಡನೆ ಇಳಿಯುತ್ತಾರೆ. ಮೇಖ್ರಿ ವೃತ್ತ ದಾಟಿದ ಮೇಲೆ ಇಳಿಯುವವರು ಅಪರೂಪ. ಆಗ ಕುಳಿತಿರುವವರನ್ನು ಎಣಿಸಿದರೆ, ಹತ್ತಿದ ನೂರರಲ್ಲಿ ದೂರದ ಟಿಕೆಟ್ಟಿನವರು ಎಷ್ಟೆಂದು ಹೇಳಬಹುದು. ಹತ್ತುವಾಗ ಮುಖ ನೋಡಿ ಹೇಳಲಾಗದು. ಹಾಗೆಯೇ ರೋಗಿಗಳ ಬದುಕಿನ ಗೆರೆಯನ್ನೆಳೆದರೆ ಅದು ಮೊದಲು ಕಡಿದಾಗಿ ಇಳಿದು, ಬಳಿಕ ಒಂದು ಎತ್ತರದಲ್ಲಿ ಮಟ್ಟಸವಾಗಿ ಸಾಗುತ್ತದೆ. ಆ ಮಟ್ಟಸದ ಎತ್ತರವೇ ಗುಣವಾದವರ ಪಾಲು. ಮಟ್ಟಸವೆಂದರೆ ಅವರು ಅಮರರೆಂದಲ್ಲ. ನೆರೆಮನೆಯ, ಅದೇ ವಯಸ್ಸಿನ ನಿರೋಗಿ ಸಾಯುವ ಪ್ರಮಾಣದಲ್ಲಿಯೇ ಇವರೂ ಸಾಯುತ್ತಾರೆ. ರೋಗವೆಂಬ ಹೆಚ್ಚಿನ ತೆರಿಗೆ ಅವರ ಮೇಲಿಲ್ಲ. 1963ರಲ್ಲಿ ಮ್ಯಾಂಚೆಸ್ಟರಿನ ಈಸನ್ ಮತ್ತು ರಸೆಲ್, ಇದೇ ಹಾಡ್ಜ್‌ಕಿನ್ ರೋಗದ ವಿಷಯದಲ್ಲಿ, ‘ಗುಣ’ ಎಂಬ ಮಾತನ್ನು ಬಳಸಲು ಇದೇ ಅಳತೆಗೋಲು ಎಂದು ವಾದಿಸಿದರು. ಎಲ್ಲರೂ ಕೈಬಿಟ್ಟಿದ್ದ ರೋಗದ ಬಗ್ಗೆ ‘ಗುಣವಾಗುತ್ತದೆ’ ಎಂದು ಧೈರ್ಯವಾಗಿ ಹೇಳಲು ಆಧಾರ ಕೊಟ್ಟದ್ದು ಇಂಥ ಅಂಕಿಗಳೇ. ಗಮನಿಸಿ: ನೆರೆಮನೆಯವರೊಡನೆ ಹೋಲಿಕೆ. ನಮ್ಮ ‘ವಾಸಿ’ಯಲ್ಲಿ ಅದು ಮೊದಲಿನಿಂದ ಇತ್ತು.

ಇದು ಬರಿಯ ಪಾಂಡಿತ್ಯವಲ್ಲ. ಲಿಂಫೋಮ ಎಂಬ ಒಂದೇ ಹೆಸರಿನ ಕೆಳಗೆ ಬಹಳ ಬೇರೆ ಬೇರೆ ಸ್ವಭಾವದ ರೋಗಗಳಿವೆ. ಒಂದು ಜಾತಿ ಬಿರುಸಿನದು. ಬರುವುದೂ ಕೊಲ್ಲುವುದೂ ಬೇಗ, ಆದರೆ ಔಷಧಿಗೆ ಸೋತರೆ ಬಹುತೇಕ ಪೂರ್ತಿ ಸೋಲುತ್ತದೆ. ಅದರಲ್ಲಿ ಮರುಕಳಿಸುವ ಭಯವೆಲ್ಲ ಮೊದಲ ಎರಡು ವರ್ಷಗಳಲ್ಲಿ ದಟ್ಟವಾಗಿರುತ್ತದೆ. ರೋಗ ಪತ್ತೆಯಾಗಿ ಎರಡು ವರ್ಷ ಮರುಕಳಿಸದೆ ದಾಟಿದವರ ಮುಂದಿನ ಆಯುಸ್ಸು ಸಮವಯಸ್ಕ ಸಾಮಾನ್ಯ ಜನರ ಆಯುಸ್ಸಿನ ಹತ್ತಿರಕ್ಕೆ ಬರುತ್ತದೆಂದು 2014ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ರೋಗಿಗಳ ಲೆಕ್ಕದಿಂದ ತೋರಿಸಿದರು. ಇನ್ನೊಂದು ಜಾತಿ ಆಮೆನಡಿಗೆಯದು. ಹತ್ತು ಹದಿನೈದು ವರ್ಷ ಮನುಷ್ಯ ಅದರ ಜೊತೆ ಸಂಸಾರ ಮಾಡುತ್ತಾನೆ. ಅದು ಅಡಗುತ್ತದೆ, ಮತ್ತೆ ತಲೆಯೆತ್ತುತ್ತದೆ. ಗೆರೆ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಐದನೆಯ ವರ್ಷದ ಎಣಿಕೆಯಲ್ಲಿ ಈ ಆಮೆರೋಗದವರೇ ಹೆಚ್ಚು ಅದೃಷ್ಟವಂತರಂತೆ ಕಂಡು, ನಿಜವಾಗಿ ಗುಣವಾದವರ ಪಾಲು ಅಲ್ಲಿಯೇ ಕಡಿಮೆಯಿರಬಹುದು. ಇಬ್ಬರಿಗೂ ಒಂದೇ ‘ಐದು ವರ್ಷ’ವನ್ನು ಹಂಚಿ ಕಳಿಸಿದರೆ ಒಬ್ಬನಿಗೆ ಸುಳ್ಳು ಧೈರ್ಯ, ಇನ್ನೊಬ್ಬನಿಗೆ ಸುಳ್ಳು ಭಯ.

ಮಧ್ಯೆ ಒಂದು ಮಾತು. ಅಧ್ಯಕ್ಷರ ಸಿಟ್ಟಿನಲ್ಲಿ ಅರ್ಧ ಸತ್ಯವಿದೆಯೆಂದು ಒಪ್ಪಿಕೊಳ್ಳುತ್ತೇನೆ. ಶೇಕಡಾವಾರನ್ನು ಕಲ್ಲಿನಂತೆ ಎಸೆಯುವ ವೈದ್ಯರಿದ್ದಾರೆ. ಸಂಖ್ಯೆ ಗುಂಪಿನದು, ನೋವು ಒಬ್ಬನದು. ಆದರೆ ಅದಕ್ಕೆ ಪರಿಹಾರ ಸಂಖ್ಯೆಗೆ ಬೆನ್ನು ತಿರುಗಿಸುವುದೆ? ಸ್ಟೀಫನ್ ಜೇ ಗೂಲ್ಡ್ ಎಂಬ ಅಮೆರಿಕದ ವಿಜ್ಞಾನಿ, ಒಳ್ಳೆಯ ಪ್ರಬಂಧಕಾರ, 1982ರಲ್ಲಿ ಅಪರೂಪದ ಒಂದು ಕ್ಯಾನ್ಸರಿಗೆ ತುತ್ತಾದ. ಪುಸ್ತಕಗಳಲ್ಲಿ ಆ ರೋಗಿಗಳ ಆಯುಸ್ಸಿನ ನಡುಬಿಂದು ಎಂಟು ತಿಂಗಳೆಂದು ಓದಿದ. ಎಂಟು ತಿಂಗಳಿಗೆ ಸಾಯುತ್ತೇನೆಂದು ಆತ ಓದಿಕೊಳ್ಳಲಿಲ್ಲ. ಅರ್ಧ ಜನ ಎಂಟು ತಿಂಗಳಿಗಿಂತ ಹೆಚ್ಚು ಬದುಕುತ್ತಾರೆ, ಅವರಲ್ಲಿ ಕೆಲವರು ಬಹಳ ಹೆಚ್ಚು, ನಾನು ಯಾವ ಅರ್ಧದಲ್ಲಿರಬಹುದು ಎಂದು ಲೆಕ್ಕ ಹಾಕಿದ. 1985ರಲ್ಲಿ ಅದನ್ನೇ ಬರೆದು ಪ್ರಕಟಿಸಿದ. 2002ರವರೆಗೆ ಬದುಕಿದ; ಸತ್ತದ್ದು ಬೇರೊಂದು ರೋಗದಿಂದ. ಲೆಕ್ಕ ಬಂದವನಿಗೆ ಅದೇ ಸಂಖ್ಯೆ ಊರುಗೋಲಾಯಿತು. ನಮ್ಮ ಗೇಟಿನ ತಂದೆಗೆ ಅದು ಬರೆ ಹಾಕಿತು.

ಇನ್ನು ಸಂಖ್ಯೆಯವರ ಕಡೆಗೆ ತಿರುಗುತ್ತೇನೆ. ಅವರನ್ನು ಸುಮ್ಮನೆ ಬಿಟ್ಟರೆ ಅಧ್ಯಕ್ಷರಿಗೆ ಅನ್ಯಾಯವಾದೀತು.

ಈ ಲೆಕ್ಕದ ಪ್ರಾಣ ಇರುವುದು ಒಂದೇ ಪ್ರಶ್ನೆಯಲ್ಲಿ: ಚಿಕಿತ್ಸೆ ಪಡೆದು ಮನೆಗೆ ಹೋದವನು ಈಗ ಇದ್ದಾನೆಯೆ? ವಿದೇಶದಲ್ಲಿ ಸಾವಿನ ದಾಖಲೆಯಿಂದ ಕುಳಿತಲ್ಲಿಯೇ ಉತ್ತರ ಸಿಗುತ್ತದೆ. ನಮ್ಮಲ್ಲಿ? ಆಸ್ಪತ್ರೆಯ ಪುಸ್ತಕದಲ್ಲಿ ಲಕ್ಷ್ಮಮ್ಮ, ರೇಷನ್ ಕಾರ್ಡಿನಲ್ಲಿ ಲಕ್ಷ್ಮೀದೇವಮ್ಮ, ಮರಣದ ದಾಖಲೆಯಲ್ಲಿ ‘ಇಂಥವರ ಹೆಂಡತಿ’. ವಿಳಾಸ, ‘ಗೇಟಿನ ಹತ್ತಿರ’. ಕೊಡಿಗೇಹಳ್ಳಿಯಲ್ಲಿ ನಾನು ನೋಡುತ್ತಿದ್ದಂತೆಯೇ ಹೊಲಗಳು ಬಡಾವಣೆಗಳಾದವು. ಒಂದೇ ರಸ್ತೆಗೆ ಹಳೆಯವರಲ್ಲಿ ಒಂದು ಹೆಸರು, ಹೊಸಬರಲ್ಲಿ ಒಂದು ಸಂಖ್ಯೆ. ಬಾಡಿಗೆಯವರು ಹನ್ನೊಂದು ತಿಂಗಳಿಗೊಮ್ಮೆ ಗಂಟುಮೂಟೆ ಕಟ್ಟುತ್ತಾರೆ. ಇಂಥ ಊರಿನಲ್ಲಿ ಒಬ್ಬ ರೋಗಿಯನ್ನು ಹತ್ತು ವರ್ಷ ಹಿಂಬಾಲಿಸುವುದು ಹೇಗೆ?

ಹಿಂಬಾಲಿಸಿದವರು ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ 1981–82ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಆರಂಭಿಸಿದಾಗ, ಊರಿನ ಇಡೀ ಜನಸಂಖ್ಯೆಯ ಲೆಕ್ಕವಿಡಲು ಆರಿಸಿದ ಮೊದಲ ಮೂರು ನಗರಗಳಲ್ಲಿ ಬೆಂಗಳೂರು ಒಂದು. ಮಿಕ್ಕವು ಮುಂಬಯಿ, ಮದರಾಸು. 1973ರಲ್ಲಿ ಸ್ಥಾಪನೆಯಾದ ನಮ್ಮ ಕಿದ್ವಾಯಿ ಸಂಸ್ಥೆಯೇ ಆ ನೋಂದಣಿಯ ಮನೆ. ನೋಂದಣಿಯ ಸಿಬ್ಬಂದಿ ಆಸ್ಪತ್ರೆಯಿಂದ ಆಸ್ಪತ್ರೆಗೆ ತಾವೇ ಹೋಗಿ ಕಡತ ಬಿಡಿಸಿದರು. ಸಾವಿನ ದಾಖಲೆಗಳನ್ನು ತಾಳೆ ನೋಡಿದರು. ಉತ್ತರ ಬಾರದ ಕಡೆ ಮನೆಯ ಬಾಗಿಲು ತಟ್ಟಿದರು. ಆ ಶ್ರಮದಿಂದಲೇ 1990ರ ದಶಕದಲ್ಲಿ ಬೆಂಗಳೂರಿನ ರೋಗಿಗಳ ಬದುಕಿನ ಲೆಕ್ಕ ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಶಾಖೆ ಹಿಂದುಳಿದ ದೇಶಗಳ ರೋಗಿಗಳ ಬಗ್ಗೆ ಹೊರತಂದ ಗ್ರಂಥದಲ್ಲಿ ಸೇರಿತು. ಬಾಗಿಲು ತಟ್ಟಿ ‘ಅವರು ಇದ್ದಾರೆಯೆ?’ ಎಂದು ಕೇಳಿದವರ ಸಂಕಟವನ್ನು ನಮ್ಮ ಯಾವ ಕವಿ ಬರೆದಿದ್ದಾನೆ? ಮನುಷ್ಯನನ್ನು ಅಳಿಸಿ ಸೊನ್ನೆ ಬರೆದವರಂತೆ ಇವರು! ಊರೆಲ್ಲ ಮರೆತ ಮನುಷ್ಯನನ್ನು ಹುಡುಕಿಕೊಂಡು ಹೋದವರು ಇವರು.

ಇಂದು ಇಡೀ ದೇಶದ ನೋಂದಣಿಗಳನ್ನು ಒಟ್ಟುಗೂಡಿಸುವ ಕೇಂದ್ರವೂ ನಮ್ಮ ದಿಕ್ಕಿನಲ್ಲಿಯೇ ಇದೆ. ಇದೇ ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿಯ ಕಡೆ ಹೊರಟರೆ ಪೂಜನಹಳ್ಳಿಯಲ್ಲಿ. ವಿಮಾನ ಹಿಡಿಯಲು ಓಡುವವರಲ್ಲಿ ಎಷ್ಟು ಮಂದಿಗೆ ಅದು ಗೊತ್ತೋ ಕಾಣೆ.

ಆದರೆ ಎಲ್ಲ ಕಡೆಯೂ ಬಾಗಿಲು ತಟ್ಟುವುದಿಲ್ಲ. ತಟ್ಟದಿದ್ದರೆ ಲೆಕ್ಕ ಹೇಗೆ ಕೆಡುತ್ತದೆಂಬುದನ್ನು ಬೆರಳೆಣಿಸಿಯೇ ತೋರಿಸುತ್ತೇನೆ. ಕೇಪ್ಲನ್ ಮತ್ತು ಮಯರ್ ಎಂಬಿಬ್ಬರು 1958ರಲ್ಲಿ ಕೊಟ್ಟ ವಿಧಾನವನ್ನು ಜಗತ್ತಿನ ಆಸ್ಪತ್ರೆಗಳೆಲ್ಲ ಅನುಸರಿಸುತ್ತವೆ. ಹತ್ತು ಜನ ರೋಗಿಗಳು. ಮೊದಲ ವರ್ಷ ಇಬ್ಬರು ಸತ್ತರು. ಉಳಿದ ಪಾಲು ಶೇಕಡಾ 80. ಆಮೇಲೆ ಇಬ್ಬರು ಬರುವುದನ್ನು ಬಿಟ್ಟರು. ಎಲ್ಲಿ ಹೋದರೋ ತಿಳಿಯದು. ಕಣ್ಣಿಗೆ ಕಾಣುವವರು ಆರು. ಎರಡನೆಯ ವರ್ಷ ಆ ಆರರಲ್ಲಿ ಒಬ್ಬರು ಸತ್ತರು. ಉಳಿದದ್ದು ಆರರಲ್ಲಿ ಐದು ಪಾಲು. ಎಂಬತ್ತನ್ನು ಆರರಲ್ಲಿ ಐದರಿಂದ ಗುಣಿಸಿದರೆ ಶೇಕಡಾ 67. ಕೈತಪ್ಪಿದ ಇಬ್ಬರ ಗತಿ ಮಿಕ್ಕವರ ಗತಿಯಂತೆಯೇ ಇರುತ್ತದೆ ಎಂಬ ನಂಬಿಕೆ ಇದರ ತಳದಲ್ಲಿದೆ. ಆ ಇಬ್ಬರು ಊರಿಗೆ ಹೋಗಿ ಅದೇ ವರ್ಷ ಸತ್ತಿದ್ದರೆ? ಹತ್ತರಲ್ಲಿ ಐದು, ಶೇಕಡಾ 50. ಅವರು ಸೌಖ್ಯವಾಗಿ ಹೊಲ ಉಳುತ್ತಿದ್ದರೆ? ಶೇಕಡಾ 70. ಇಬ್ಬರು ಹೊರಗುಳಿದದ್ದಕ್ಕೆ ಐವತ್ತರಿಂದ ಎಪ್ಪತ್ತರವರೆಗೆ ಅಂತರ. ನಮ್ಮಲ್ಲಿ ಬರುವುದನ್ನು ಬಿಡುವವರು ಯಾರು? ಬಸ್ಸಿನ ಖರ್ಚಿಲ್ಲದವರು, ಕೂಲಿ ತಪ್ಪಿಸಲಾಗದವರು, ದೂರದ ಜಿಲ್ಲೆಯಿಂದ ಬಂದು ಧರ್ಮಶಾಲೆಯಲ್ಲಿ ಮಲಗಿ ಚಿಕಿತ್ಸೆ ಪಡೆದವರು, ಏಳಲಾರದಷ್ಟು ರೋಗ ಬಲಿತವರು. ಅವರ ಗತಿ ಮಿಕ್ಕವರ ಗತಿಯಂತೆಯೇ ಎನ್ನುವುದು ಗಣಿತದ ತಪ್ಪಲ್ಲ. ಬಡತನವನ್ನು ನೋಡದ ಕಣ್ಣಿನ ತಪ್ಪು.

ಗುಣದ ಪಾಲು ಹೇಳುವ ಸೂತ್ರದಲ್ಲಿ ಈ ಅಪಾಯ ಇಮ್ಮಡಿಯಾಗುತ್ತದೆ. ಸತ್ತವರು ಸತ್ತರೆಂದು ಗೊತ್ತಾಗದೆ ಹೋದರೆ ಗೆರೆ ಇಳಿಯುವುದೇ ಇಲ್ಲ, ಮಟ್ಟಸವಾಗಿ ಸಾಗುತ್ತದೆ. ಅಜ್ಞಾನವೇ ಗುಣದ ವೇಷ ಹಾಕಿಕೊಂಡು ಬರುತ್ತದೆ. ಎರಡು ಮೂರು ವರ್ಷದ ಲೆಕ್ಕವನ್ನಷ್ಟೇ ಯಂತ್ರಕ್ಕೆ ಉಣಿಸಿದರೂ ಅದು ಒಂದು ‘ಗುಣದ ಪಾಲ’ನ್ನು ಉಗುಳಿಯೇ ಉಗುಳುತ್ತದೆ, ಕೇಳಿದ್ದಕ್ಕೆ ಇಲ್ಲವೆನ್ನುವ ಸಂಕೋಚ ಅದಕ್ಕಿಲ್ಲ. ಸಂಖ್ಯಾಶಾಸ್ತ್ರಜ್ಞರಲ್ಲಿಯೇ ಫೇರ್‌ವೆಲ್ ಎಂಬಾತ 1986ರಷ್ಟು ಹಿಂದೆಯೇ, ಈ ಮಾದರಿಗಳನ್ನು ಬಳಸುವ ಅಪಾಯಕ್ಕೆ ತಕ್ಕ ಫಲವಿದೆಯೆ ಎಂಬ ಪ್ರಶ್ನೆಯನ್ನೇ ತಲೆಬರಹವಾಗಿಟ್ಟು ಬರೆದ. ಶಾಸ್ತ್ರವನ್ನು ಬಲ್ಲವರು ಅದರ ಮಿತಿಯನ್ನು ನಮಗಿಂತ ಮೊದಲೇ ಹೇಳಿದ್ದಾರೆ. ಅಷ್ಟೇ ಏಕೆ, ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿ, 2023ರಲ್ಲಿ ನೂರೆರಡು ವರ್ಷ ತುಂಬಿ ತೀರಿಕೊಂಡ ಸಿ. ಆರ್. ರಾವ್ ಅವರ ಕೀರ್ತಿಗೆ ಮೂಲವಾದ 1945ರ ಪ್ರಮೇಯಗಳಲ್ಲಿ ಒಂದು, ಕೈಯಲ್ಲಿರುವ ಮಾಹಿತಿ ಇಷ್ಟೇ ಆದರೆ ಅಂದಾಜಿನ ಅನಿಶ್ಚಯ ಇದಕ್ಕಿಂತ ಕೆಳಗಿಳಿಯದು ಎಂಬುದನ್ನೇ ತೋರಿಸುತ್ತದೆ. ಇಷ್ಟು ವಿನಯ ನಮ್ಮ ವಿಮರ್ಶಾಲೋಕದಲ್ಲಿ ಎಷ್ಟು ಜನರಿಗಿದೆ?

ವಿನಯವಿಲ್ಲದಿರುವುದು ಜಾಹೀರಾತಿನವರಿಗೆ. ರಸ್ತೆಬದಿಯ ಆಸ್ಪತ್ರೆಯ ಫಲಕಗಳಲ್ಲಿ ‘ಯಶಸ್ಸಿನ ಪ್ರಮಾಣ ಶೇಕಡಾ ಇಷ್ಟು’ ಎಂಬ ಮಾತುಗಳಿರುತ್ತವೆ. ಯಾವ ಜಾತಿಯ ರೋಗ, ಎಷ್ಟು ಜನ, ಎಷ್ಟು ವರ್ಷ, ಕೈತಪ್ಪಿಹೋದವರು ಎಷ್ಟು ಎಂಬ ನಾಲ್ಕು ಪ್ರಶ್ನೆಗೆ ಉತ್ತರವಿಲ್ಲದ ಶೇಕಡಾವಾರು ಜಾತ್ರೆಯ ಗಿಳಿಶಾಸ್ತ್ರಕ್ಕಿಂತ ಮೇಲಲ್ಲ. ಇನ್ನು ಕೆಲವೆಡೆ ಕೋಲಾರದ ರೈತನಿಗೆ ಹೇಳುವ ಅಂಕಿ ಫ್ರಾನ್ಸಿನಿಂದ ಬಂದಿರುತ್ತದೆ. ಬಿರುಸಿನ ಜಾತಿಯ ಲಿಂಫೋಮಕ್ಕೆ ಹಳೆಯ ಔಷಧಿಗಳ ಜೊತೆ ರಿಟುಕ್ಸಿಮ್ಯಾಬ್ ಸೇರಿಸಿದರೆ ಎರಡು ವರ್ಷದ ಬದುಕು ಶೇಕಡಾ 57ರಿಂದ 70ಕ್ಕೇರಿತು ಎಂಬ 2002ರ ಪ್ರಸಿದ್ಧ ಪರಿಣಾಮ, ಫ್ರಾನ್ಸಿನ ವೈದ್ಯರ ತಂಡ ನೋಡಿದ, 60ರಿಂದ 80 ವಯಸ್ಸಿನ 399 ಮಂದಿಯದು. ಎಂಥ ದೊಡ್ಡ ಹೆಜ್ಜೆ ಅದು! ಆದರೆ ಆ 399 ಮಂದಿಗೆ ಎಂಟು ಸುತ್ತು ಔಷಧಿ ಯೋಜನೆಯಂತೆ ಸಿಕ್ಕುವ ವ್ಯವಸ್ಥೆಯಿತ್ತು. 2007ರಲ್ಲಿ ಭಾರತದ ಕಂಪನಿಯೊಂದು ಅದೇ ಔಷಧಿಯ ಅಗ್ಗದ ರೂಪವನ್ನು ತಂದ ಮೇಲೂ, ಮೂರನೆಯ ಸುತ್ತಿಗೆ ಒಡವೆ ಅಡವಿಟ್ಟು ನಾಲ್ಕನೆಯದಕ್ಕೆ ನಿಂತುಹೋದವನಿಗೆ ಆ ಎಪ್ಪತ್ತು ಎಲ್ಲಿಂದ ಬರಬೇಕು? ನಮ್ಮವರ ಲೆಕ್ಕ ನಮಗೆ ಬೇಕು ಎನ್ನುವುದು ಇದಕ್ಕೇ.

ಲೆಕ್ಕ ಬಡವನ ಶತ್ರುವೆನ್ನುವವರಿಗೆ ನಮ್ಮ ನಾಡಿನದೇ ಇನ್ನೊಂದು ಉದಾಹರಣೆ ಕೊಡುತ್ತೇನೆ. 2010ರಲ್ಲಿ ಸರ್ಕಾರ ಉತ್ತರ ಕರ್ನಾಟಕದ ಬಡ ಕುಟುಂಬಗಳಿಗೆ ಹೃದಯರೋಗ, ಕ್ಯಾನ್ಸರು ಮುಂತಾದ ದೊಡ್ಡ ರೋಗಗಳ ಚಿಕಿತ್ಸೆಯನ್ನು ಉಚಿತಗೊಳಿಸಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ತಂದಿತು. ಸಂಶೋಧಕರು ಯೋಜನೆಯ ಗಡಿಯ ಈಚೆ ಆಚೆ ಇರುವ, ಎಲ್ಲ ಬಗೆಯಲ್ಲೂ ಒಂದನ್ನೊಂದು ಹೋಲುವ 572 ಹಳ್ಳಿಗಳಲ್ಲಿ ಮನೆಮನೆಗೆ ಹೋದರು. ಯೋಜನೆಯಲ್ಲಿ ಸೇರಿದ್ದ ರೋಗಗಳಿಂದ ಬಡವರ ಮನೆಗಳಲ್ಲಾದ ಸಾವು, ಯೋಜನೆಯಿದ್ದ ಕಡೆ ಶೇಕಡಾ 0.32, ಇಲ್ಲದ ಕಡೆ 0.90. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಪ್ರಕಟಿಸಿತು. ಬಡವನಿಗೆ ಔಷಧಿ ಕೊಟ್ಟರೂ ಸಾಯುತ್ತಾನೆ, ಹಣ ದಂಡ ಎಂದು ಕೈಚೆಲ್ಲುವವರ ಬಾಯಿ ಕಟ್ಟಲು ಆ ಎರಡು ಅಂಕಿಗಳಿಗಿಂತ ಹರಿತವಾದ ಯಾವ ಪದ್ಯ ನಮ್ಮಲ್ಲಿದೆ? ಇದ್ದರೆ ತಿಳಿಸಿ, ತರಗತಿಯಲ್ಲಿ ಪಾಠ ಹೇಳುತ್ತೇನೆ.

ಗಣಿತ ಕನ್ನಡಕ್ಕೆ ಹೊರಗಿನದೆಂಬ ಮಾತಿಗಂತೂ ನಮ್ಮ ಸಾಹಿತ್ಯ ಚರಿತ್ರೆಯೇ ಉತ್ತರ. ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತ ಬರೆದರೆ, ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ, ಅದೂ ಪದ್ಯದಲ್ಲಿ ಬರೆದ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ನಡೆಸಿ ಕೈಸುಟ್ಟುಕೊಂಡರು. ಅದೇ ವೆಂಕಟನಾರಣಪ್ಪನವರು ಪಂಪಭಾರತವನ್ನೂ ಸಂಪಾದಿಸಿದರೆಂಬುದನ್ನು ನಾವು ಪರೀಕ್ಷೆಗೆ ಓದುತ್ತೇವೆ; ಅವರು ಕಾಲೇಜಿನಲ್ಲಿ ಹೇಳುತ್ತಿದ್ದದ್ದು ಭೌತಶಾಸ್ತ್ರದ ಪಾಠವೆಂಬುದನ್ನು ಮರೆಯುತ್ತೇವೆ. ಎಣ್ಣೆ ಸೀಗೆಕಾಯಿ ಸಂಬಂಧವೆಂದು ಅವರು ಯಾವ ಸಭೆಯಲ್ಲಿಯೂ ನಕ್ಕಂತೆ ಕಾಣೆ.

ಆ ಹುಡುಗಿಯ ವಿಷಯ ಅರ್ಧಕ್ಕೆ ಬಿಟ್ಟೆ. ಗಣಿತ ವಿಭಾಗದ ಸಹೋದ್ಯೋಗಿಯೊಬ್ಬರನ್ನು ಹಿಡಿದುಕೊಂಡು ಹಲವು ಸಂಜೆ ಕುಳಿತು, ಮೇಲೆ ಹೇಳಿದ್ದಿಷ್ಟನ್ನು ನಾನು ಕಲಿತೆ. ಬಳಿಕ ಪಂಕ್ಚರ್ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕುಳಿತು, ಬಸ್ಸಿನ ಟಿಕೆಟ್ಟಿನ ಕಥೆಯನ್ನೇ ಹೇಳಿದೆ. ಆತ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಲೇ ಕೇಳಿದರು. ಮುಗಿದ ಮೇಲೆ, ‘ಹಂಗಾರೆ ಐದು ವರ್ಷ ಆದಮ್ಯಾಕೂ ಇರ್ತಾಳೆ ಅನ್ನಿ’ ಎಂದರು. ಇರುವ ಸಂಭವವೇ ಬಹಳ ಹೆಚ್ಚು, ಖಂಡಿತವೆಂದು ಯಾರೂ ಹೇಳಲಾರರು ಎಂದೆ. ‘ಅದು ನಂಗೂ ನಿಮ್ಗೂ ಅಷ್ಟೇಯ’ ಎಂದರು. ಬರ್ಕ್‌ಸನ್ ಮತ್ತು ಗೇಜ್ ಹೇಳಿದ್ದೂ ಅಷ್ಟೇ. ಆತನಿಗೆ ಅದು ಒಂದು ಗಳಿಗೆಯಲ್ಲಿ ಹಿಡಿಯಿತು. ಜೂನ್ ತಿಂಗಳಲ್ಲಿ ಹುಡುಗಿ ಮತ್ತೆ ಕಾಲೇಜಿಗೆ ಸೇರಿದಳು. ಚಿಕಿತ್ಸೆ ಮುಗಿದು ಈಗ ಎಂಟು ವರ್ಷವಾಗಿದೆ.

ಹೋದ ವರ್ಷ ಆತನ ಮೊಬೈಲಿಗೆ ಒಂದು ಗುರುತಿಲ್ಲದ ಕರೆ ಮೇಲಿಂದ ಮೇಲೆ ಬರುತ್ತಿತ್ತಂತೆ. ಸಾಲ ಕೊಡುವ ಬ್ಯಾಂಕಿನವರೆಂದು ಕತ್ತರಿಸುತ್ತಿದ್ದರು. ನಾನು ಅಲ್ಲಿದ್ದಾಗ ಮತ್ತೆ ಬಂತು. ಎತ್ತಿ ನೋಡಿ ಎಂದೆ. ಆಸ್ಪತ್ರೆಯ ಕಡೆಯಿಂದ ಒಬ್ಬ ಹೆಣ್ಣುಮಗಳು. ಸಂಕೋಚದ ದನಿಯಲ್ಲಿ ಮಗಳ ಹೆಸರು ಹೇಳಿ, ‘ಅವರು… ಇದ್ದಾರಾ ಸಾರ್?’ ಎಂದಳು. ಇಂಥ ಪ್ರಶ್ನೆ ಕೇಳಿದರೆ ನಮ್ಮ ಜನ ಕೆರಳುತ್ತಾರೆ. ಅಪಶಕುನದ ಬಾಯಿ ಎನ್ನುತ್ತಾರೆ. ಆತನೂ ಕೆರಳಿದರು. ನಾನು ಸನ್ನೆ ಮಾಡಿದೆ. ‘ಅವಳೆ ಕಣಮ್ಮ, ಕೆಲ್ಸಕ್ಕೆ ಹೋಗವಳೆ’ ಎಂದು ಗದರಿಸಿ ಫೋನಿಟ್ಟರು. ಆ ಕರೆಯನ್ನು ಅಂದೂ ಕತ್ತರಿಸಿದ್ದರೆ ಲೆಕ್ಕದಲ್ಲಿ ಅವಳು ಕೈತಪ್ಪಿದವಳು.

ಅಧ್ಯಕ್ಷರಲ್ಲಿಯೂ ಅವರಂತೆ ಯೋಚಿಸುವ ಮಿತ್ರರಲ್ಲಿಯೂ ನನ್ನ ಕೇಳಿಕೆ ಇಷ್ಟು. ಆಸ್ಪತ್ರೆಯಲ್ಲಿ ರೋಗಿಯ ಕೈಗೆ ಕೊಡಬಹುದಾದ ಒಂದು ಹಾಳೆಯನ್ನು, ‘ಐದು ವರ್ಷದ ಬದುಕು’ ಎಂದರೇನು, ‘ಗುಣದ ಪಾಲು’ ಎಂದರೇನು, ಮತ್ತೆ ಏಕೆ ಬರಬೇಕು, ಫೋನು ಬಂದರೆ ಏಕೆ ಉತ್ತರಿಸಬೇಕು ಎಂಬುದನ್ನು, ಪಂಕ್ಚರ್ ಅಂಗಡಿಯಲ್ಲಿ ಓದಿದರೆ ತಿಳಿಯುವ ಕನ್ನಡದಲ್ಲಿ ಬರೆದುಕೊಡಲಿ. ಗಣಿತ ವಿಭಾಗದವರು ಅದನ್ನು ತಿದ್ದುತ್ತಾರೆ; ವೈದ್ಯರು ಒಪ್ಪಿದರೆ ಅಚ್ಚಿನ ಖರ್ಚಿಗೆ ನಾವು ನಾಲ್ಕಾರು ಮಂದಿ ಅಧ್ಯಾಪಕರು ಸಿದ್ಧರಿದ್ದೇವೆ. ಅಂಥ ಹಾಳೆ ಬರೆಯುವುದು ಸಾಹಿತಿಯ ಕೆಲಸವಲ್ಲವೆಂದು ಅವರಿಗೆ ತೋರಿದರೆ, ಏಕಲ್ಲವೆಂಬುದನ್ನು ಇದೇ ಪುರವಣಿಯಲ್ಲಿ ಬರೆಯಲಿ. ಓದಲು ಕಾದಿದ್ದೇನೆ.